ಕಾಳಿ ಮತ್ತು ಕೋಳಿ

ಬನ್ನೇರುಘಟ್ಟ ರಸ್ತೆಯನ್ನು ಬಿಟ್ಟು ಅರೆಕೆರೆಯೊಳಕ್ಕೆ ತಿರುಗುವವರ ಕಣ್ಣಿಗೆ ಈಗ ಬೀಳುವುದು ಬಹುಮಹಡಿಯ ವಸತಿಗಳೂ ಅಂಗಡಿಸಾಲುಗಳೂ ಮಾತ್ರವಾದರೂ, ಅವುಗಳ ಬೆನ್ನಿಗೆ, ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಭೂಮಿಯ ಶೇಷವೆಂಬಂತೆ, ನಮ್ಮ ತಂದೆಯವರು ಮಾರದೆ ಉಳಿಸಿದ ಹದಿನೆಂಟು ಗುಂಟೆಯ ತೋಟವೊಂದು ಇನ್ನೂ ಉಸಿರಾಡುತ್ತಿದೆ. ಅದರಲ್ಲಿ ಎರಡು ಹಸು, ಒಂದು ಕರು, ಹದಿನೈದಿಪ್ಪತ್ತು ನಾಟಿಕೋಳಿ, ಯಾರ ಮಾತನ್ನೂ ಕೇಳದ ಎರಡು ಬೆಕ್ಕು ಮತ್ತು ಮಗಳು ಹಟ ಹಿಡಿದು ತಂದ ಒಂದು ಜೊತೆ ಮೊಲ ವಾಸವಾಗಿದ್ದವು. ಇಷ್ಟು ಜೀವಗಳಿರುವಲ್ಲಿ ನಾಯಿಯೊಂದರ ಕೊರತೆಯೇಕೆಂದು ನನಗೆ ತೋರಿದ್ದು 2023ರ ಅಕ್ಟೋಬರಿನ ಕೊನೆಯಲ್ಲಿ, ಕೂಡ್ಲು ಗೇಟಿನ ಆಸುಪಾಸಿನಲ್ಲಿ ಚಿರತೆಯೊಂದು ಕಾಣಿಸಿಕೊಂಡು ದಕ್ಷಿಣ ಬೆಂಗಳೂರಿನ ನಿದ್ದೆಯನ್ನೆಲ್ಲ ಕೆಡಿಸಿದ್ದಾಗ.

ಈ ಕಾರಣವೇ ಅವಿವೇಕದ್ದೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿರತೆಯ ಪಾಲಿಗೆ ನಾಯಿ ಕಾವಲುಗಾರನಲ್ಲ, ಊಟ. ಬನ್ನೇರುಘಟ್ಟದ ಕಾಡಂಚಿನ ಹಳ್ಳಿಗಳಲ್ಲಿ ಕತ್ತಲಾಗುತ್ತಲೇ ನಾಯಿಯನ್ನು ಒಳಕ್ಕೆ ಕರೆದು ಬಾಗಿಲು ಹಾಕುವ ರೂಢಿ ಸುಮ್ಮನೆ ಹುಟ್ಟಿದ್ದಲ್ಲ.

ಯಾವ ತಳಿಯೆಂಬ ಪ್ರಶ್ನೆ ಎದ್ದಾಗ ಬಂಧುವರ್ಗದಿಂದ ಸಲಹೆಗಳು ಧಾರಾಳವಾಗಿ ಹರಿದುಬಂದವು. ಒಬ್ಬರು ಲ್ಯಾಬ್ರಡಾರ್ ಎಂದರು. ಅದು ಕಳ್ಳನ ಕೈಯನ್ನೂ ನೆಕ್ಕೀತೆಂದು ಮತ್ತೊಬ್ಬರು ಆಕ್ಷೇಪಿಸಿದರು. ಜರ್ಮನ್ ಷೆಫರ್ಡ್ ಕುರಿ ಕಾಯುವ ನಾಯಿಗಳಿಂದಲೇ 1899ರ ಸುಮಾರಿಗೆ ರೂಪುಗೊಂಡ ತಳಿಯಾದ್ದರಿಂದ ಕೊಟ್ಟಿಗೆಗೆ ಒಪ್ಪೀತೆಂಬ ವಾದವೂ ಬಂದಿತು. ಆದರೆ ಆ ಬುದ್ಧಿಶಾಲಿ ಪ್ರಾಣಿಗೆ ದಿನವೂ ಕೆಲಸ ಕೊಡಬಲ್ಲ ಯಜಮಾನ ಬೇಕು, ನಾನೋ ಹಾಲು ಕರೆಯುವಷ್ಟರಲ್ಲೇ ಸುಸ್ತಾಗುವವನು. ಹಿಮದ ನಾಡಿನ ಹಸ್ಕಿಯನ್ನು ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಸಾಕುವವರ ವಿಷಯ ನಾನು ಏನೂ ಹೇಳದಿರುವುದೇ ಮೇಲು.

ನನ್ನ ಮನಸ್ಸು ಮಾತ್ರ ಮೊದಲಿನಿಂದಲೂ ಮುಧೋಳದ ನಾಯಿಯಲ್ಲೇ ನೆಟ್ಟಿತ್ತು. ನಮ್ಮ ನಾಡಿನದೇ ತಳಿ. ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಅದನ್ನು ಪೋಷಿಸಿ ಬೆಳೆಸಿದರೆಂಬ ಕೀರ್ತಿ. 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ಗೌರವ. ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯವು ನಡೆಸುತ್ತಿರುವ ಸಂಶೋಧನಾ ಕೇಂದ್ರ. ಸೇನೆಯವರೂ ತರಬೇತಿಗೆ ಒಯ್ದ ಪ್ರತಿಷ್ಠೆ. ಇಷ್ಟೆಲ್ಲ ಓದಿಕೊಂಡವನು ಆ ನಾಯಿಯ ದೇಹವನ್ನೇ ಓದಲಿಲ್ಲ. ನೀಳವಾದ ಕಿರಿದಾದ ತಲೆ, ಪಕ್ಕೆಗಳನ್ನು ಎಣಿಸಬಹುದಾದ ಮೈ, ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ, ಇವೆಲ್ಲವೂ ಬಯಲಿನಲ್ಲಿ ಮೊಲವೊಂದು ಅಲುಗಿದ್ದನ್ನು ದೂರದಿಂದಲೇ ಕಂಡು, ಯಜಮಾನನ ಅಪ್ಪಣೆಗೂ ಕಾಯದೆ, ಅದರ ಹಿಂದೆ ಬಾಣದಂತೆ ಹಾರುವುದಕ್ಕಾಗಿ ತಲೆಮಾರುಗಳು ತಿದ್ದಿ ತೀಡಿದ ಸಲಕರಣೆಗಳು. ಮೊಲಗಳಿರುವ ಮನೆಗೆ ನಾನು ತಂದದ್ದು ಇದನ್ನು.

ಹೆಸರಿನ ವಿಷಯದಲ್ಲಂತೂ ನನ್ನ ಪಾಂಡಿತ್ಯಕ್ಕೆ ಕಡಿವಾಣವಿರಲಿಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 950ರ ಸುಮಾರಿನ ವೀರಗಲ್ಲೊಂದು ಸಾಹಿತ್ಯಾಸಕ್ತರಿಗೆ ಪರಿಚಿತವೇ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು, ಬೇಕಾದುದನ್ನು ಕೇಳೆಂದ ಗಂಗರ ಬೂತುಗನಲ್ಲಿ ಊರನ್ನೋ ಹೊನ್ನನ್ನೋ ಬೇಡದೆ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ಹೆಬ್ಬಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತವು. ಒಡೆಯನು ನಾಯಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟನು. ನಮ್ಮ ಮರಿಗೂ ಕಾಳಿಯೆಂದೇ ಹೆಸರಿಟ್ಟೆವು.

ಕೊಟ್ಟಿಗೆ ನೋಡಿಕೊಳ್ಳುವ ಅಜ್ಜಿ, ಅರೆಕೆರೆ ಹಳ್ಳಿಯಾಗಿದ್ದುದನ್ನು ಕಂಡವಳು, ಮರಿಯನ್ನು ಕಿವಿ ಹಿಡಿದು ನೋಡಿ, ಕಾಲನ್ನು ಸವರಿ, “ಸಾಮಿ, ಇದು ಓಡೋ ಜಾತಿ. ನಮ್ಗೆ ಬೇಕಿರೋದು ಬಿದ್ದಿರೋ ಜಾತಿ” ಎಂದಳು. ನಾನು ನಕ್ಕೆನು.

ಎಂಟು ತಿಂಗಳು ತುಂಬುವವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಅನಂತರ ಒಂದು ಮುಂಜಾನೆ, ಗೋಡೆಯ ಮೇಲಿಂದ ಹ್ಯಾಟೆಯೊಂದು ರೆಕ್ಕೆ ಬಡಿದು ಇಳಿದದ್ದೇ ತಡ, ಬೊಗಳಲಿಲ್ಲ, ಗುರುಗುಟ್ಟಲಿಲ್ಲ, ಎರಡು ನೆಗೆತ. ಕೋಳಿ ಕೂಗುವ ಮೊದಲೇ ಸತ್ತಿತ್ತು. ಕಾಳಿ ಅದನ್ನು ತಂದು ನನ್ನ ಕಾಲ ಬಳಿ ಇಟ್ಟು, ಬೂತುಗನಿಂದ ಮೆಚ್ಚುಗೆ ನಿರೀಕ್ಷಿಸುವಂತೆ ನಿಂತಿತು. ಹತ್ತು ದಿನಗಳಲ್ಲಿ ಇನ್ನೂ ನಾಲ್ಕು ಹೋದವು. ದೊಡ್ಡ ಬೆಕ್ಕು ಹಲಸಿನ ಮರವನ್ನೇರಿ ಮಧ್ಯಾಹ್ನದವರೆಗೂ ಇಳಿಯದೆ, ಇಳಿದ ಮೇಲೆ ಪಕ್ಕದ ಮನೆಗೆ ಶಾಶ್ವತವಾಗಿ ವಲಸೆ ಹೋಯಿತು. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿದರೆ ಬುದ್ಧಿ ಬರುವುದೆಂದು ಹೇಳಿದವರಿದ್ದರು. ತನ್ನ ಹುಟ್ಟುಗುಣವನ್ನೇ ಮೆರೆದ ಪ್ರಾಣಿಗೆ ಶಿಕ್ಷೆ ಯಾವ ನ್ಯಾಯವೆಂದು ನಾನು ಒಪ್ಪಲಿಲ್ಲ. ಆದರೆ ಸರಪಣಿ ಹಾಕಿದೆನು, ಅದು ಅದಕ್ಕಿಂತ ದೊಡ್ಡ ತಪ್ಪು. ಓಡಲೆಂದೇ ಹುಟ್ಟಿದ್ದು ಆರಡಿಯ ಸರಪಣಿಯಲ್ಲಿ ಸುತ್ತಿ ಸುತ್ತಿ ಊಟ ಬಿಟ್ಟಿತು. ಡಿಸೆಂಬರಿನ ಚಳಿಯಲ್ಲಿ, ಕೊಬ್ಬಿಲ್ಲದ ತೆಳುಗೂದಲಿನ ಮೈ ರಾತ್ರಿಯೆಲ್ಲ ನಡುಗಿತು. ಗೋಣಿಚೀಲ ಹೊದಿಸಿ ಅದರ ಪಕ್ಕದಲ್ಲಿ ಕುಳಿತ ಆ ರಾತ್ರಿಯೇ ನನಗೆ ಅಜ್ಜಿಯ ಮಾತು ಅರ್ಥವಾದದ್ದು.

ಕೊನೆಗೆ ಶ್ರೀನಿವಾಸಪುರದ ಕಡೆ ವಿಶಾಲವಾದ ಮಾವಿನತೋಪುಳ್ಳ ನಮ್ಮ ಭಾವನವರಿಗೆ ಕಾಳಿಯನ್ನು ಒಪ್ಪಿಸಿ ಬಂದೆನು.

ಎರಡನೆಯ ನಾಯಿಯನ್ನು ಆರಿಸಿದವಳು ಅಜ್ಜಿಯೇ. ಹತ್ತಿರದ ಗುಡಿಸಲಿನ ಬಳಿ ಈದಿದ್ದ ಬೀದಿನಾಯಿಯ ಮರಿಗಳನ್ನು ನೋಡಲು ಹೋದಾಗ ಅವಳು ಮರಿಗಳತ್ತ ತಿರುಗದೆ ತಾಯಿಯನ್ನೇ ಅರ್ಧ ಗಂಟೆ ನೋಡುತ್ತ ಕುಳಿತಳು. ಕೋಳಿಗಳು ಅದರ ಮೂಗಿನ ಮುಂದೆಯೇ ಕೆದಕುತ್ತಿದ್ದವು. ಅದು ಕಣ್ಣು ತೆರೆದು ಮತ್ತೆ ಮುಚ್ಚಿತು. ಎಂಟು ವಾರ ತಾಯಿಯ ಹಾಲು ಕುಡಿಯುವವರೆಗೆ ಕಾದು ಮರಿಯನ್ನು ತಂದೆವು. ಮೂರು ತಿಂಗಳಾಗುತ್ತಲೇ ಪಶುವೈದ್ಯರಲ್ಲಿ ರೇಬೀಸ್ ಚುಚ್ಚುಮದ್ದು, ಬೆಕ್ಕಿಗೂ ಸೇರಿಸಿ, ಮತ್ತೆ ವರ್ಷಕ್ಕೊಮ್ಮೆ ತಪ್ಪದೆ. ಶಿಕ್ಷಣದ ಭಾರವನ್ನು ಮಾತ್ರ ಪಿಳ್ಳೆಗಳನ್ನು ಕಟ್ಟಿಕೊಂಡಿದ್ದ ಹ್ಯಾಟೆಯೊಂದು ವಹಿಸಿಕೊಂಡಿತು. ಮೊದಲ ವಾರದಲ್ಲೇ, ಮಂಕರಿಯ ಬಳಿ ಮೂಸಲು ಹೋದ ಮರಿಯ ಮೂಗಿಗೆ ಅದು ಕೊಟ್ಟ ಕುಕ್ಕು ಎಷ್ಟು ಪರಿಣಾಮಕಾರಿಯಾಗಿತ್ತೆಂದರೆ, ಇಂದು ಆಳೆತ್ತರದ ಅಪರಿಚಿತನನ್ನು ಗೇಟಿನಲ್ಲೇ ತಡೆದು ನಿಲ್ಲಿಸುವ ಆ ನಾಯಿ, ಕೋಳಿ ಎದುರಾದರೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ.

ನಾಡುನಾಯಿಗಳೆಲ್ಲ ಸಾಧುಗಳೆಂದು ಇದರಿಂದ ಯಾರೂ ತಿಳಿಯಬೇಕಾಗಿಲ್ಲ. ಇದರ ಒಡಹುಟ್ಟಿದ ಮರಿಯೊಂದು ಎದುರು ಬೀದಿಯಲ್ಲಿ ಬೆಳೆದು ಬೆಕ್ಕುಗಳ ಪಾಲಿಗೆ ಯಮನಾಗಿದೆ. ಅದನ್ನು ತಂದವರು ಬೆಕ್ಕಿಲ್ಲದ ಮನೆಗೆ ಆರು ತಿಂಗಳ ವಯಸ್ಸಿನಲ್ಲಿ ತಂದಿದ್ದರು.

ಮೊನ್ನೆ ಯುಗಾದಿಗೆ ಶ್ರೀನಿವಾಸಪುರಕ್ಕೆ ಹೋಗಿದ್ದೆ. ಕಾಳಿ ನನ್ನನ್ನು ಗುರುತಿಸಿತು, ಒಮ್ಮೆ ಮೂಸಿತು, ಮತ್ತೆ ತೋಪಿನೊಳಕ್ಕೆ ಓಡಿಹೋಯಿತು. ರಾತ್ರಿ ಕಾಡುಹಂದಿಯ ಸುಳಿವು ಸಿಕ್ಕರೆ ಬೇಲಿಯುದ್ದಕ್ಕೂ ಅದು ಓಡುವುದನ್ನು ನೋಡಬೇಕೆಂದು ಭಾವ ಹೆಮ್ಮೆಯಿಂದ ಹೇಳಿದರು. ಅವರ ತೋಟದಲ್ಲಿ ಕೋಳಿ ಸಾಕಿಲ್ಲ.