ಗಾಲಿಮನೆಯ ಒಲೆ

ಮೋಟಾರಿನ ಹಿಂದೆ ಕಟ್ಟಿ ಎಳೆಯುವ ಪ್ರವಾಸದ ಟ್ರೇಲರಿನಲ್ಲಿ ಅಡಿಗೆ, ನಿದ್ರೆ ಎರಡೂ ಒಂದೇ ಕೋಣೆಯಲ್ಲಿ. ನಮ್ಮಲ್ಲಿ ಅನೇಕರ ಬಿಡಾರವೂ ಹಾಗೆಯೇ. ಆದುದರಿಂದ ಈ ಪಾಠ ನಮಗೂ ಬೇಕು.

ಅಡಿಗೆಯ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಅದಕ್ಕೆಂದೇ ಟ್ರೇಲರಿನ ನೆಲಮಟ್ಟದಲ್ಲಿ ಗಾಳಿಗಂಡಿ ಇರಬೇಕು. ಚಳಿಯೆಂದು ಅದಕ್ಕೆ ಬಟ್ಟೆ ತುರುಕಕೂಡದು. ಕೊಳವೆಯ ಜೋಡಣೆಗಳಿಗೆ ಸಾಬೂನು ನೀರು ಸವರಿ ನೋಡೋಣ. ಗುಳ್ಳೆ ಎದ್ದರೆ ಸೋರಿಕೆ ಇದೆಯೆಂದೇ ಅರ್ಥ. ಕಡ್ಡಿ ಗೀರಿ ಪರೀಕ್ಷಿಸಲೇಬಾರದು. ವಾಸನೆ ಬಂದೊಡನೆ ವಿದ್ಯುತ್ ಗುಂಡಿ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರಬೀಳಬೇಕು. ನಮ್ಮ ದೇಶದಲ್ಲಾದರೆ ಹೊರಗಿನಿಂದ 1906ಕ್ಕೆ ಫೋನು ಮಾಡಬೇಕು.

ಎರಡನೆಯ ಶತ್ರುವಿಗೆ ವಾಸನೆಯೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಒಲೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ನಿದ್ರೆಯಲ್ಲೇ ಪ್ರಾಣ ತೆಗೆಯಬಲ್ಲದು. ಚಳಿಗೆ ಇನ್ನೊಂದು ಕಂಬಳಿ ಹೊದೆಯೋಣ. ಒಲೆ ಹಚ್ಚಿಟ್ಟು ಮಲಗುವುದು ಬೇಡ.