ಪರದೆಯನ್ನು ಮೀರಿದ ಪುಟದ ಚಿತ್ರಗ್ರಹಣ

ಕಂಪ್ಯೂಟರಿನ ಪರದೆಯ ಮೇಲೆ ಕಾಣುವುದನ್ನು ಹಾಗೆಯೇ ಚಿತ್ರವಾಗಿ ಉಳಿಸಿಕೊಂಡರೆ ಅದು ಸ್ಕ್ರೀನ್‌ಶಾಟ್ ಎನಿಸುವುದು. ಲೋಲಕದ ಪ್ರಯೋಗದಲ್ಲಿ ದೊರೆತ 120 ಅಳತೆಗಳ ಕೋಷ್ಟಕವೊಂದು ನಮ್ಮ ಮುಂದಿದೆಯೆಂದು ಭಾವಿಸೋಣ. ಪರದೆ ಹಿಡಿಯುವುದು 24 ಸಾಲುಗಳನ್ನು ಮಾತ್ರ. ಇಡೀ ಕೋಷ್ಟಕವನ್ನು ಒಂದೇ ಚಿತ್ರದಲ್ಲಿ ಪಡೆಯುವುದೆಂತು?

ಉಳಿದ ಸಾಲುಗಳ ಚಿತ್ರವು ಪರದೆಯ ಅಂಚಿನ ಕೆಳಗೆ ಸಿದ್ಧವಾಗಿ ಅಡಗಿದೆಯೆಂದು ತಿಳಿಯಲಾಗದು. ಅಂಕಿಗಳೇನೋ ಕಂಪ್ಯೂಟರಿನ ಸ್ಮೃತಿಯಲ್ಲಿರುತ್ತವೆ. ಆದರೆ ಸಾಮಾನ್ಯವಾಗಿ ಕಣ್ಣಿಗೆ ಕಾಣಬೇಕಾದ ಭಾಗವಷ್ಟೇ ಬಣ್ಣದ ಬಿಂದುಗಳಾಗಿ, ಅಂದರೆ ಪಿಕ್ಸೆಲ್‌ಗಳಾಗಿ, ರೂಪುಗೊಳ್ಳುತ್ತದೆ. ಮೂಡದಿರುವ ಚಿತ್ರವನ್ನು ಸೆರೆಹಿಡಿಯುವುದು ಸಾಧ್ಯವಿಲ್ಲ. ಆದುದರಿಂದ ಎರಡು ಮಾರ್ಗಗಳು ಬಳಕೆಗೆ ಬಂದಿವೆ.

ಮೊದಲನೆಯದು, ಇಡೀ ಪುಟವನ್ನು ಸ್ಮೃತಿಯಲ್ಲಿಯೇ ಬರೆಯಿಸುವುದು. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪೂರ್ಣ ಪುಟದ ಚಿತ್ರ ಪಡೆಯುವ ಸೌಕರ್ಯವಿದೆ. ಅಗಲ 1920, ಎತ್ತರ 5400 ಬಿಂದುಗಳ ಪುಟಕ್ಕೆ, ಬಿಂದುವೊಂದಕ್ಕೆ 3 ಬೈಟ್‌ಗಳಂತೆ, 3,11,04,000 ಬೈಟ್‌ಗಳ ಸ್ಥಳ ಬೇಕು. ಇಂದಿನ ಯಂತ್ರಗಳಿಗೆ ಇದು ಹೊರೆಯಲ್ಲ. ಆದರೆ ಪುಟದೊಳಗೆ ಪ್ರತ್ಯೇಕವಾಗಿ ಸರಿಯುವ ಕೋಷ್ಟಕವಿದ್ದರೆ, ಅದರ ಮರೆಯಾದ ಸಾಲುಗಳು ಈ ಚಿತ್ರದಲ್ಲಿಯೂ ಬಾರವು.

ಎರಡನೆಯದು, ಪುಟವನ್ನು ಸರಿಸುತ್ತ ತುಣುಕು ಚಿತ್ರಗಳನ್ನು ತೆಗೆದು ಬೆಸೆಯುವುದು. ಪ್ರತಿ ಸಲವೂ 20 ಸಾಲು ಸರಿಸಿದರೆ ಅಕ್ಕಪಕ್ಕದ ತುಣುಕುಗಳಲ್ಲಿ 4 ಸಾಲುಗಳು ಸಮಾನವಾಗಿರುತ್ತವೆ. ಮೊದಲ ತುಣುಕು 1ರಿಂದ 24, ಎರಡನೆಯದು 21ರಿಂದ 44, ಹೀಗೆ ಐದನೆಯದು 81ರಿಂದ 104. ಆರನೆಯದು 101ರಿಂದ ಆರಂಭವಾಗಬೇಕಷ್ಟೆ? ಆಗದು. ಪುಟವು 120ನೆಯ ಸಾಲಿಗೆ ಮುಗಿಯುವುದರಿಂದ 16 ಸಾಲು ಸರಿದು ನಿಲ್ಲುತ್ತದೆ. ತುಣುಕು 97ರಿಂದಲೇ ಆರಂಭವಾಗುತ್ತದೆ. ಇಲ್ಲಿ ಸಮಾನವಾದವು 8 ಸಾಲುಗಳು. ಇದನ್ನು ಗಮನಿಸದೆ ಎಂದಿನಂತೆ 4 ಸಾಲುಗಳನ್ನೇ ಕತ್ತರಿಸಿ ಜೋಡಿಸಿದರೆ 101ರಿಂದ 104ರವರೆಗಿನ ಅಳತೆಗಳು ಎರಡು ಸಲ ಬರುವುವು. ಆ ಚಿತ್ರವನ್ನು ನಂಬಿ ಸರಾಸರಿ ತೆಗೆದವರ ಉತ್ತರ ಕೆಡಬಹುದು.

ಆದಕಾರಣ ಒಳ್ಳೆಯ ತಂತ್ರಾಂಶವು ಸರಿಸಿದ ದೂರವನ್ನು ನಂಬಿ ಕೂರುವುದಿಲ್ಲ. ಒಂದು ತುಣುಕಿನ ಮೇಲೆ ಇನ್ನೊಂದನ್ನು ಬಿಂದು ಬಿಂದುವಾಗಿ ಜರುಗಿಸುತ್ತ, ಒಂದರ ಮೇಲೊಂದು ಬಿದ್ದ ಬಿಂದುಗಳ ಬಣ್ಣದ ವ್ಯತ್ಯಾಸವನ್ನು ಲೆಕ್ಕಹಾಕುತ್ತದೆ. ಸರಾಸರಿ ವ್ಯತ್ಯಾಸವು ಕನಿಷ್ಠವಾಗುವ ಸ್ಥಾನವೇ ಬೆಸುಗೆಯ ಸ್ಥಾನ.

ಈ ಉಪಾಯಕ್ಕೂ ಮಿತಿಯುಂಟು. ಬರಿಯ ಬಿಳಿಯ ಹಾಳೆಯಲ್ಲಿ ಎಲ್ಲ ಸ್ಥಾನಗಳೂ ಸಮನಾಗಿ ಹೊಂದುತ್ತವೆ. ಒಂದೇ ಬಗೆಯ ಸಾಲುಗಳು ಮರುಕಳಿಸಿದರೆ ತಪ್ಪು ಸ್ಥಾನವೂ ಸರಿಯೆಂದು ತೋರುತ್ತದೆ. ಪುಟ ಸರಿದರೂ ತಾನು ಕದಲದ ತಲೆಬರಹವು ಪ್ರತಿ ತುಣುಕಿನಲ್ಲಿಯೂ ಮರಳಿ ಬರುತ್ತದೆ. ಅದನ್ನು ಮೊದಲೇ ಕತ್ತರಿಸಿ ತೆಗೆಯಬೇಕು.

ಪ್ರಯೋಗದ ಕೋಷ್ಟಕವನ್ನು ಹೀಗೆ ಚಿತ್ರಿಸಿಕೊಳ್ಳುವ ವಿದ್ಯಾರ್ಥಿಗಳು ಪ್ರತಿ ಸಾಲಿಗೂ ಕ್ರಮಸಂಖ್ಯೆ ಬರೆಯುವುದು ಒಳಿತು. ಆಗ ಯಾವ ಎರಡು ಸಾಲುಗಳೂ ಒಂದೇ ಆಗಿ ಕಾಣವು. ಬೆಸುಗೆ ತಪ್ಪಿದ್ದರೆ ಬಿಟ್ಟುಹೋದ ಅಥವಾ ಮರುಕಳಿಸಿದ ಸಂಖ್ಯೆಯೇ ಅದನ್ನು ಹೇಳುವುದು. ಅಳತೆಯನ್ನು ಪರೀಕ್ಷಿಸುವಂತೆಯೇ ಅಳತೆಯ ಚಿತ್ರವನ್ನೂ ಪರೀಕ್ಷಿಸಿ ನೋಡುವುದು ವಿಜ್ಞಾನದ ಅಭ್ಯಾಸಿಗೆ ತಕ್ಕ ರೂಢಿ.