ಟಿಹುವಾನಾಕ್ಕೆ ವಾರಾಂತ್ಯ: ಹೋಗಲು ಒಂದು ಕಾನೂನು, ಮರಳಲು ಇನ್ನೊಂದು

ಅಮೆರಿಕದ ಸ್ಯಾನ್ ಡಿಯಾಗೊ ನಗರದ ಟ್ರಾಲಿ ರೈಲಿನ ನೀಲಿ ಮಾರ್ಗ ಸ್ಯಾನ್ ಇಸಿಡ್ರೊದಲ್ಲಿ ಮುಗಿಯುತ್ತದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಮೆಕ್ಸಿಕೊದ ಟಿಹುವಾನಾ. ಪಶ್ಚಿಮಾರ್ಧಗೋಳದಲ್ಲಿ ಅತಿ ಹೆಚ್ಚು ಜನ ದಾಟುವ ಭೂಗಡಿ ಇದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಶನಿವಾರ ಹೋಗಿ ಭಾನುವಾರ ಬರಬಹುದಾದ ಪರದೇಶವೂ ಹೌದು. ಕೈಯಲ್ಲಿರುವುದು ಭಾರತೀಯ ಪಾಸ್‌ಪೋರ್ಟ್ ಆಗಿದ್ದರೆ ಹೋಟೆಲ್ ಕಾಯ್ದಿರಿಸುವ ಮೊದಲೇ ಕಾಗದಪತ್ರ ನೋಡಿಕೊಳ್ಳಬೇಕು. ಆಚೆ ಹೋಗುವುದಕ್ಕಿಂತ ಈಚೆ ಬರುವುದೇ ಇಲ್ಲಿ ಕಷ್ಟ.

ಭಾರತೀಯರಿಗೆ ಮೆಕ್ಸಿಕೊ ಸಾಮಾನ್ಯವಾಗಿ ವೀಸಾ ಕೇಳುತ್ತದೆ. ಅವಧಿ ಮುಗಿಯದ ಅಮೆರಿಕನ್ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ ಇದೆ. ಅಂಥವರು ಪ್ರವಾಸಿಗಳಾಗಿ ಗರಿಷ್ಠ 180 ದಿನ ಇರಬಹುದು. ಎಷ್ಟು ದಿನ ಎಂಬುದನ್ನು ಗಡಿಯ ಅಧಿಕಾರಿ ತೀರ್ಮಾನಿಸುತ್ತಾರೆ. ಭೂಮಾರ್ಗವಾಗಿ ಬಂದು 7 ದಿನದೊಳಗೆ ಮರಳುವವರಿಗೆ ಪ್ರವೇಶ ಪತ್ರದ ಶುಲ್ಕವಿಲ್ಲ. ಶುಲ್ಕವಿಲ್ಲ ಎಂದರೆ ಪತ್ರವೇ ಬೇಡ ಎಂದಲ್ಲ. ಕಾರಿನಲ್ಲಿ ದಾಟುವವರನ್ನು ಎಷ್ಟೋ ಸಲ ಯಾರೂ ತಡೆಯುವುದೇ ಇಲ್ಲ. ಆದರೂ ಗಾಡಿ ನಿಲ್ಲಿಸಿ, ವಲಸೆ ಕಚೇರಿಗೆ ಹೋಗಿ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಳ್ಳುವುದು ಪ್ರಯಾಣಿಕರದೇ ಹೊಣೆ. ಮುದ್ರೆ ಇಲ್ಲದವರು ಒಳಗೆ ತಪಾಸಣೆಗೆ ಸಿಕ್ಕಿದರೆ ಅನುಮತಿಯಿಲ್ಲದೆ ಬಂದವರ ಲೆಕ್ಕಕ್ಕೆ ಸೇರುತ್ತಾರೆ.

ಹೆಚ್ಚಿನವರು ಎಡವುವುದು ವೀಸಾ ಅವಧಿಯ ವಿಷಯದಲ್ಲಿ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಅಮೆರಿಕದ ಬಾಗಿಲಿಗೆ ಬರಲು. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಐ-94 ದಾಖಲೆ. ಎಚ್-1ಬಿ ನೌಕರರ ಅವಧಿಯನ್ನು ಕಂಪನಿ ಅಮೆರಿಕದಲ್ಲೇ ನವೀಕರಿಸುತ್ತದೆ, ಐ-797 ಅನುಮೋದನೆ ಪತ್ರದ ಜೊತೆ ಹೊಸ ಐ-94 ಬರುತ್ತದೆ, ಪಾಸ್‌ಪೋರ್ಟಿನ ವೀಸಾ ಮಾತ್ರ ಹಳೆಯದಾಗಿ ಉಳಿಯುತ್ತದೆ. ಅಂಥವರಿಗಾಗಿ ಅಮೆರಿಕದ ನಿಯಮದಲ್ಲಿ ವೀಸಾದ ಸ್ವಯಂಚಾಲಿತ ಮರುಮಾನ್ಯತೆ ಎಂಬ ಅನುಕೂಲವಿದೆ. ಕೆನಡಾ ಅಥವಾ ಮೆಕ್ಸಿಕೊಗೆ ಮಾತ್ರ ಹೋಗಿ 30 ದಿನದೊಳಗೆ ಮರಳಿದರೆ, ಐ-94 ಚಾಲ್ತಿಯಲ್ಲಿದ್ದರೆ, ಮುಗಿದ ವೀಸಾದಲ್ಲೇ ಒಳಗೆ ಬರಬಹುದು. ಐ-94ರ ಮುದ್ರಿತ ಪ್ರತಿ ಮತ್ತು ಮೂಲ ಐ-797 ಜೊತೆಗಿರಬೇಕು. ಆದರೆ ಆಚೆಗಿರುವಾಗ ಹೊಸ ಅಮೆರಿಕನ್ ವೀಸಾಕ್ಕೆ ಅರ್ಜಿ ಹಾಕಿದವರಿಗೆ ಈ ಅನುಕೂಲ ಇಲ್ಲ. ಅರ್ಜಿ ಬಾಕಿ ಉಳಿದರೂ ತಿರಸ್ಕೃತವಾದರೂ ವೀಸಾ ಸಿಗುವವರೆಗೆ ಅವರು ಆಚೆಯೇ ಉಳಿಯಬೇಕಾಗುತ್ತದೆ.

ಇಷ್ಟನ್ನು ಓದಿ ಹೊರಟವರೂ ಸಿಕ್ಕಿಹಾಕಿಕೊಳ್ಳುವುದುಂಟು. ಮರುಮಾನ್ಯತೆ ಅಮೆರಿಕದ ನಿಯಮ. ಅದು ಮೆಕ್ಸಿಕೊವನ್ನು ಕಟ್ಟಿಹಾಕುವುದಿಲ್ಲ. ಮೆಕ್ಸಿಕೊ ಕೊಡುವ ವಿನಾಯಿತಿ ಚಾಲ್ತಿಯಲ್ಲಿರುವ ಅಮೆರಿಕನ್ ವೀಸಾಕ್ಕೇ ಹೊರತು ಮುಗಿದದ್ದಕ್ಕಲ್ಲ. ಆದ್ದರಿಂದ ವೀಸಾ ಮುಗಿದ ಭಾರತೀಯರು ಹತ್ತಿರದ ಮೆಕ್ಸಿಕನ್ ಕಾನ್ಸುಲೇಟಿನಿಂದ ಮೊದಲೇ ವೀಸಾ ಪಡೆದಿರಬೇಕು.

ಎಫ್-1 ವಿದ್ಯಾರ್ಥಿಗಳ ಐ-20 ಪತ್ರದಲ್ಲಿ ಪ್ರಯಾಣಕ್ಕೆ ಕಾಲೇಜಿನ ಅಧಿಕಾರಿಯ ಸಹಿ ಇರಬೇಕು. ಅದು ಸಾಮಾನ್ಯವಾಗಿ ಒಂದು ವರ್ಷ, ಓಪಿಟಿ ಎಂಬ ಕೆಲಸದ ತರಬೇತಿಯಲ್ಲಿರುವವರಿಗೆ 6 ತಿಂಗಳು ನಡೆಯುತ್ತದೆ. ವೀಸಾ ವರ್ಗ ಬದಲಿಸಲು ಅರ್ಜಿ ಹಾಕಿ ಕಾಯುತ್ತಿರುವವರು ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ. ಗ್ರೀನ್ ಕಾರ್ಡಿಗಾಗಿ ಐ-485 ಸಲ್ಲಿಸಿದವರಿಗೂ ಮುಂಗಡ ಪ್ರಯಾಣಾನುಮತಿ ಇಲ್ಲದಿದ್ದರೆ ಇದೇ ಗತಿ. ಐ-485 ಸಲ್ಲಿಸಿದವರಲ್ಲಿ ಎಚ್-1ಬಿ, ಎಲ್-1 ವೀಸಾದವರಂಥ ಕೆಲವರಿಗೆ ಮಾತ್ರ ರಿಯಾಯಿತಿ. ಒಂದು ವಾರಾಂತ್ಯಕ್ಕಾಗಿ ವರ್ಷಗಳ ಅರ್ಜಿಯನ್ನು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳು 16 ವರ್ಷದೊಳಗಿದ್ದರೆ ಭೂಗಡಿಯಲ್ಲಿ ಮರಳಿ ಬರಲು ಜನನ ಪ್ರಮಾಣಪತ್ರ ಸಾಕು. ತಂದೆ ಅಥವಾ ತಾಯಿ ಒಬ್ಬರೇ ಕರೆದೊಯ್ಯುವಾಗ ಇನ್ನೊಬ್ಬರ ನೋಟರೀಕೃತ ಒಪ್ಪಿಗೆ ಪತ್ರ ಜೊತೆಗಿದ್ದರೆ ಒಳ್ಳೆಯದು.

ಅಮೆರಿಕದ ಕಾರು ವಿಮೆ ಸಾಮಾನ್ಯವಾಗಿ ಗಡಿಯಾಚೆ ನಡೆಯುವುದಿಲ್ಲ. ಮೆಕ್ಸಿಕೊದ ವಿಮೆಯನ್ನು ಆನ್‌ಲೈನಿನಲ್ಲಿ ದಿನದ ಲೆಕ್ಕದಲ್ಲಿ ಕೊಳ್ಳಬಹುದು. ಯಾರಿಗಾದರೂ ಗಾಯವಾದ ಅಪಘಾತದಲ್ಲಿ, ತಪ್ಪು ಯಾರದು ಮತ್ತು ನಷ್ಟ ಯಾರು ಭರಿಸುತ್ತಾರೆ ಎಂದು ತೀರ್ಮಾನವಾಗುವವರೆಗೆ ಚಾಲಕರನ್ನು ಪೊಲೀಸರು ಹಿಡಿದಿಡಬಹುದು. ಬಾಡಿಗೆ ಕಾರಾದರೆ ಕಂಪನಿಯ ಲಿಖಿತ ಅನುಮತಿ ಬೇಕು.

ಬಂದೂಕು ಹಾಗಿರಲಿ, ಡಿಕ್ಕಿಯಲ್ಲಿ ಮರೆತುಬಿಟ್ಟ ಒಂದೇ ಒಂದು ತೋಟಾ ಕೂಡ ಮೆಕ್ಸಿಕೊದಲ್ಲಿ ಜೈಲಿಗೆ ದಾರಿ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಒಮ್ಮೆ ಪೂರ್ತಿ ತಡಕಾಡುವುದು ಲೇಸು. ನೆಗಡಿಗೆಂದು ಅಮೆರಿಕದಲ್ಲಿ ಸಿಗುವ ಸ್ಯೂಡೋಎಫೆಡ್ರಿನ್ ಮಾತ್ರೆ ಅಲ್ಲಿ ನಿಷಿದ್ಧ. ವೇಪ್ ಸಾಧನಗಳನ್ನೂ ಒಯ್ಯುವಂತಿಲ್ಲ.

ಮೆಕ್ಸಿಕೊದ ಸಂವಿಧಾನ ತನ್ನ ನೆಲದಲ್ಲಿರುವ ಎಲ್ಲರಿಗೂ, ವಿದೇಶಿಯರಿಗೂ, ಮೂಲಭೂತ ಹಕ್ಕುಗಳನ್ನು ಕೊಡುತ್ತದೆ. ಬೀದಿಯಲ್ಲಿ ಮದ್ಯ ಕುಡಿಯುವಂಥ ಸಣ್ಣ ತಪ್ಪುಗಳಿಗೆ 21ನೇ ವಿಧಿಯ ಪ್ರಕಾರ ದಂಡ, ಸಮುದಾಯ ಸೇವೆ ಅಥವಾ ಹೆಚ್ಚೆಂದರೆ 36 ಗಂಟೆಗಳ ಬಂಧನ. ಅಪರಾಧದ ಆರೋಪವಾದರೆ 16ನೇ ವಿಧಿಯಂತೆ ಪ್ರಾಸಿಕ್ಯೂಟರ್ ಸಾಮಾನ್ಯವಾಗಿ 48 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು, ಇಲ್ಲವೇ ಬಿಡಬೇಕು. ಸುಮ್ಮನಿರುವ ಹಕ್ಕು ಮತ್ತು ವಕೀಲರ ಹಕ್ಕು 20ನೇ ವಿಧಿಯಲ್ಲಿವೆ. ರಶೀದಿಯಿಲ್ಲದೆ ಪೊಲೀಸರ ಕೈಗಿಡುವ ನಗದು ದಂಡವಲ್ಲ, ಲಂಚ. ಅದಕ್ಕಾಗಿ ಪೀಡಿಸಿದರೆ ಲಿಖಿತ ಚಲನ್ ಕೊಡಿ ಅಥವಾ ಠಾಣೆಗೆ ಕರೆದೊಯ್ಯಿರಿ ಎಂದು ಕೇಳಬಹುದು. ತುರ್ತು ಕರೆಯ ಸಂಖ್ಯೆ ಅಲ್ಲೂ 911.

ಬಂಧಿತ ವಿದೇಶಿಗೆ ತನ್ನ ದೇಶದ ರಾಯಭಾರ ಕಚೇರಿಯನ್ನು ಸಂಪರ್ಕಿಸುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟಿದೆ. ಈ ವಿಧಿಗಾಗಿ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದ ದೇಶಗಳಲ್ಲಿ ಮೆಕ್ಸಿಕೊ, ಭಾರತ ಎರಡೂ ಇವೆ: ಅಮೆರಿಕದ ವಿರುದ್ಧ ಮೆಕ್ಸಿಕೊ ಹೂಡಿದ ಅವೆನಾ ಪ್ರಕರಣದ ತೀರ್ಪು 2004ರಲ್ಲಿ, ಪಾಕಿಸ್ತಾನದ ವಿರುದ್ಧ ಭಾರತ ಹೂಡಿದ ಕುಲಭೂಷಣ್ ಜಾಧವ್ ಪ್ರಕರಣದ್ದು 2019ರಲ್ಲಿ ಬಂತು. ಹಕ್ಕು ಕಾಗದದಲ್ಲಿದ್ದರೂ ತಾನಾಗಿಯೇ ಸಿಗದೆ ಹೋಗಬಹುದು, ಆದ್ದರಿಂದ ಅದನ್ನು ಹೆಸರು ಹೇಳಿಯೇ ಕೇಳಬೇಕು. ಭಾರತದ ರಾಯಭಾರ ಕಚೇರಿ ಇರುವುದು 2,000 ಕಿ.ಮೀ.ಗೂ ಆಚೆಯ ಮೆಕ್ಸಿಕೊ ನಗರದಲ್ಲಿ. ಅದರ ದೂರವಾಣಿ ಸಂಖ್ಯೆಯನ್ನು ಮೊಬೈಲಿನಲ್ಲಲ್ಲದೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಬೇಕು.

ಭಾನುವಾರ ಸಂಜೆ ಮರಳುವ ಸಾಲು ಗಂಟೆಗಟ್ಟಲೆ ಬೆಳೆಯುತ್ತದೆ. ಮೊದಲೇ ನೋಂದಾಯಿಸಿಕೊಂಡವರಿಗೆಂದೇ ಇರುವ ಸೆಂಟ್ರಿ ಸಾಲಿಗೆ ಇತರರು ನುಗ್ಗಿದರೆ ದಂಡ ಬೀಳುತ್ತದೆ. ಹಣ್ಣು, ಮಾಂಸ, ಮದ್ಯ, ಔಷಧಗಳನ್ನು ಕೇಳುವ ಮೊದಲೇ ಘೋಷಿಸಬೇಕು. 10,000 ಡಾಲರಿಗಿಂತ ಹೆಚ್ಚು ನಗದು ಒಯ್ಯುವುದು ತಪ್ಪಲ್ಲ, ಘೋಷಿಸದಿರುವುದು ತಪ್ಪು. ವಾರಂಟ್ ಇಲ್ಲದೆಯೇ ಗಡಿ ಅಧಿಕಾರಿಗಳು ಚೀಲವನ್ನೂ ಫೋನನ್ನೂ ಪರಿಶೀಲಿಸಬಹುದು.

ಮನೆಗೆ ಬಂದ ಮೇಲೆ ಅಮೆರಿಕದ ಗಡಿ ಇಲಾಖೆಯ ಜಾಲತಾಣದಲ್ಲಿ ಐ-94 ತೆಗೆದು ದಿನಾಂಕ ನೋಡಬೇಕು. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ವಾಸದ ಅವಧಿಯನ್ನೂ ಅಲ್ಲಿಗೇ ಮೊಟಕುಗೊಳಿಸಿರಬಹುದು. ಅಧಿಕಾರಿಯ ಕೈತಪ್ಪಿನಿಂದ ದಿನಾಂಕ ತಪ್ಪಾಗಿದ್ದರೆ ಅದೇ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ತಿದ್ದಿಸಿಕೊಳ್ಳಬಹುದು.